ಕ್ಲಿಕ್ಕರ್ ಲಕ್ಷಣ ಪ್ರಕರಣ

ನರ್ಸಿಂಗ್ ತರಗತಿಯಲ್ಲಿ "ಅರ್ಥವಾಯಿತೇ?" ಎಂದಾಗ ಏಳುವ "ಹೂಂ ಮೇಡಂ" ಎಂಬ ಸಾಮೂಹಿಕ ಘೋಷವನ್ನು ಶಾಸ್ತ್ರ ಪ್ರಮಾಣವೆಂದು ಒಪ್ಪುವುದಿಲ್ಲ. ಆ ಕೊರತೆ ನೀಗಲು ಬಂದದ್ದು, ಒಬ್ಬೊಬ್ಬರ ಉತ್ತರವನ್ನೂ ಬೇರೆಬೇರೆಯಾಗಿ ದಾಖಲಿಸುವ ಕ್ಲಿಕ್ಕರ್.

ಉಪಕರಣ ತ್ರಿವಿಧ. ರಿಮೋಟು ಮೊದಲನೆಯದು, ಪಾಠ ಮುಗಿದ ಮೇಲೆ ಎಣಿಸಿ ವಾಪಸು ಪಡೆಯತಕ್ಕದ್ದು. ಕಹೂಟ್, ಮೆಂಟಿಮೀಟರ್ ಎಂಬ ಆ್ಯಪ್‌ಗಳು ನಡೆಯುವ ಮೊಬೈಲು ಎರಡನೆಯದು. ಇದರಲ್ಲಿ ಉತ್ತರದ ಜೊತೆಗೆ ವಾಟ್ಸಾಪೂ ನಡೆಯುತ್ತದೆ. ಮೂರನೆಯದು ಪ್ಲಿಕರ್ಸ್ ಎಂಬ ಕಾಗದದ ಕಾರ್ಡು, ಬಡ ಕಾಲೇಜಿನ ಬಂಧು. ಎತ್ತಿ ಹಿಡಿದ ಕಾರ್ಡಿನ ಯಾವ ಅಂಚು ಮೇಲಿದೆ ಎಂಬುದನ್ನು ಶಿಕ್ಷಕರ ಫೋನು ಓದಿಕೊಳ್ಳುತ್ತದೆ. ಒಂದೊಂದು ಕಾರ್ಡಿನ ಚಿತ್ತಾರವೂ ಬೇರೆಯಾದ್ದರಿಂದ ಪಕ್ಕದವರನ್ನು ನೋಡಿ ಬರೆಯುವ ಪುರಾತನ ವಿದ್ಯೆ ಇಲ್ಲಿ ಫಲಿಸದು.

ಒತ್ತುವವರು ಚತುರ್ವಿಧ. ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: 1000 ಮಿ.ಲೀ. ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ ಮಿ.ಲೀ.ಗೆ 15 ಹನಿ, ನಿಮಿಷಕ್ಕೆಷ್ಟು ಹನಿ? ಸರಿಯುತ್ತರವಾದ 31 ಒತ್ತಿದವರು ಸಿದ್ಧರು, ಅವರಿಂದ ಶಾಸ್ತ್ರಕ್ಕೇನೂ ಲಾಭವಿಲ್ಲ. 42 ಒತ್ತಿದವರು ಕಂಠಸ್ಥರು. 20 ಹನಿಯ ಸೆಟ್ಟಿನ ಲೆಕ್ಕ ಬಾಯಿಪಾಠ ಮಾಡಿದ್ದಾರೆ, ಪ್ಯಾಕೆಟ್ಟಿನ ಮೇಲಿನ ಅಂಕಿ ಓದಿಲ್ಲ. ಸ್ವಾರಸ್ಯವೆಲ್ಲ 125 ಎಂದ ಅರ್ಧಪಥಿಕರಲ್ಲಿದೆ. ಅದು ಗಂಟೆಗೆ ಹೋಗಬೇಕಾದ ಮಿ.ಲೀ.; ಭಾಗಾಕಾರ ಸರಿ, ನಿಂತದ್ದು ನಡುದಾರಿಯಲ್ಲಿ. 60 ಹನಿಯ ಮೈಕ್ರೋ ಸೆಟ್ಟಾಗಿದ್ದರೆ ಅದೇ ಸರಿಯುತ್ತರ! ಈ ಸೆಟ್ಟಿನಲ್ಲಿ ಹಾಗೆ ಬಿಟ್ಟರೋ, 8 ಗಂಟೆಯ ಬಾಟಲಿ 2 ಗಂಟೆಯಲ್ಲಿ ಖಾಲಿ. ಹೃದಯ ದುರ್ಬಲವಾದ ರೋಗಿಗೆ ಶ್ವಾಸಕೋಶದಲ್ಲಿ ನೀರು ತುಂಬೀತು. ಬಾಯಿಬಿಟ್ಟು ಕೇಳಿದ್ದರೆ ಇವರೂ "ಹೂಂ ಮೇಡಂ" ಗುಂಪಿನಲ್ಲೇ ಇರುತ್ತಿದ್ದರು. ನಾಲ್ಕನೆಯವರು ಕೊನೇ ಸೆಕೆಂಡಿಗೆ ಏನಾದರೊಂದನ್ನು ಒತ್ತುವ ನಿದ್ರಾಮುದ್ರಿತರು. ನೈಟ್ ಡ್ಯೂಟಿ ಮುಗಿಸಿ ನೇರ ಬಂದವರು, ಅವರನ್ನು ಎಬ್ಬಿಸಬಾರದು.

ಬೋಧಕರು ದ್ವಿವಿಧ: ಪರದೆಯ ಮೇಲೆ ಉತ್ತರಗಳ ಗ್ರಾಫ್ ನೋಡಿ "ವೆರಿ ಗುಡ್, ನೆಕ್ಸ್ಟ್" ಎನ್ನುವವರು ಮತ್ತು ಅಲ್ಲೇ ನಿಲ್ಲುವವರು. ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1991ರಲ್ಲಿ ಆರಂಭಿಸಿದ ಪದ್ಧತಿಯಂತೆ, ಉತ್ತರಗಳು ಹಂಚಿಹೋದರೆ ಸರಿಯಾದದ್ದನ್ನು ಹೇಳದೆ, ಪಕ್ಕದವರೊಡನೆ ವಾದಕ್ಕೆ ಬಿಟ್ಟು, ಮತ್ತೆ ಒತ್ತಿಸಬೇಕು. 31ರವರು 125ರವರನ್ನು ಒಪ್ಪಿಸುವ ಆ ಎರಡು ನಿಮಿಷದ ಗಲಾಟೆಯೇ ಪಾಠ. ನಮ್ಮಲ್ಲಿ ಅದಕ್ಕೆ ಕಾರಿಡಾರಿನಿಂದ ಬರುವ "ಸೈಲೆನ್ಸ್!" ಎಂಬ ವಿಘ್ನವುಂಟು.

ಇನ್ನು ಸಂಶೋಧಕರು. "ಕ್ಲಿಕ್ಕರ್ ಇಷ್ಟವಾಯಿತೇ?" ಎಂದು ಕ್ಲಿಕ್ಕರಿನಲ್ಲೇ ಕೇಳಿ ಪ್ರಬಂಧ ಬರೆಯುವವರು ಸುಖಜೀವಿಗಳು. "ಎಂದಾದರೂ ತಪ್ಪು ಡೋಸ್ ಕೊಟ್ಟಿದ್ದೀರಾ?" ಎಂದು ಕೇಳುವವರಿಗೆ ಕಷ್ಟ ಹೆಚ್ಚು. ಕೈಯೆತ್ತಿ ಒಪ್ಪಲಾಗದ್ದನ್ನು ಬೆರಳು ಒಪ್ಪೀತು, ಹೆಸರು ದಾಖಲಾಗದಿದ್ದರೆ. ಆದರೆ ಪಾಠಕ್ಕೆ ಮೊದಲಿನ ಮತ್ತು ನಂತರದ ಉತ್ತರಗಳನ್ನು ಜೋಡಿಸಬೇಕಲ್ಲ! ಅದಕ್ಕೆಂದು ಗುಟ್ಟಿನ ಸಂಖ್ಯೆ ಕೊಡುತ್ತಾರೆ. ಹಿಂದಿನ ಬೆಂಚಿನವರು ಅದನ್ನು ನಂಬುವುದಿಲ್ಲ; ರಿಮೋಟು ಹಂಚಿದ್ದು ಹಾಜರಿ ಪುಸ್ತಕದ ಕ್ರಮದಲ್ಲಿ.