ಶ್ವಾನಮೀಮಾಂಸೆ: ಮೈಲೂರ ಶಾಖೆ

ಯಾವ ಶಾಸ್ತ್ರಕ್ಕಾದರೂ ಮೊದಲು ಬೇಕಾದದ್ದು ಪ್ರಮಾಣ. ಶ್ವಾನಶಾಸ್ತ್ರಕ್ಕೆ ಕನ್ನಡದಲ್ಲಿ ಅದರ ಕೊರತೆಯಿಲ್ಲ, ಕಲ್ಲಿನಲ್ಲೇ ಕಡೆದಿಟ್ಟಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ‘ಮೆಚ್ಚಿದೆ, ಬೇಕಾದ್ದು ಕೇಳು’ ಎಂದಾಗ ಅವನು ಬಾಯಿಬಿಟ್ಟು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪವೆಲ್ಲ ತಟ್ಟಲಿ ಎಂದೂ ಬರೆಸಿದರು. ಕಾಲ 949ರ ಸುಮಾರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಸನದಲ್ಲಿ ಯುದ್ಧವಿದೆ, ರಾಷ್ಟ್ರಕೂಟರ ಕೃಷ್ಣನಿದ್ದಾನೆ, ಹಂದಿಯೂ ಇದೆ. ಕಾಳಿಯ ಅಪ್ಪ ಯಾರು, ಅಜ್ಜಿ ಯಾರು, ಮೈಕ್ರೋಚಿಪ್ಪಿನ ನಂಬರು ಎಷ್ಟು ಎಂಬ ವಿವರ ಮಾತ್ರ ಇಲ್ಲ. ಇಂದಿನ ಶ್ವಾನ ಪ್ರದರ್ಶನಕ್ಕೆ ಬಂದಿದ್ದರೆ ಕಾಳಿಯನ್ನು ವಂಶಾವಳಿ ಪತ್ರ ಇಲ್ಲವೆಂದು ನೋಂದಣಿ ಟೇಬಲ್ಲಿನಿಂದಲೇ ವಾಪಸು ಕಳಿಸುತ್ತಿದ್ದರು.

ಎರಡನೆಯ ಪ್ರಮಾಣ ಹಂಪಿಯದು. ಬೇಟೆಗೆ ಹೋದ ಹಕ್ಕಬುಕ್ಕರ ನಾಯಿಗಳನ್ನು ಮೊಲವೊಂದು ತಿರುಗಿಬಿದ್ದು ಅಟ್ಟಿತಂತೆ. ಅದು ಗಂಡುಮೆಟ್ಟಿದ ನೆಲವೆಂದು ಅಲ್ಲಿ ರಾಜಧಾನಿ ಕಟ್ಟಿದರಂತೆ. ಇದೇ ಕಥೆಯನ್ನು ಅಹಮದಾಬಾದಿನವರೂ ತಮ್ಮ ಊರಿಗೆ ಹಚ್ಚಿ ಹೇಳುತ್ತಾರೆ. ಚರಿತ್ರಕಾರರು ಇದರಲ್ಲಿ ನೆಲದ ಮಹಿಮೆ ಕಂಡರು. ಶ್ವಾನಮೀಮಾಂಸಕರಿಗೆ ಕಾಣುವುದು ನಾಯಿ ತರಬೇತಿಯ ಘೋರ ವೈಫಲ್ಯ. ಸೋತ ನಾಯಿಗಳ ಮಾಲೀಕರು ತಮ್ಮ ಮಾನ ಉಳಿಸಿಕೊಳ್ಳಲು ಮೊಲವನ್ನು ಹೊಗಳಿದರು ಎಂಬುದೇ ಈ ಪಂಥದ ಖಚಿತ ಅಭಿಪ್ರಾಯ. ಪ್ರದರ್ಶನದಲ್ಲಿ ಬಹುಮಾನ ಬಾರದವರು ಇವತ್ತಿಗೂ ‘ಜಡ್ಜ್ ಸರಿ ಇಲ್ಲ’ ಅನ್ನುವುದು ಇದೇ ಪರಂಪರೆಯ ಮುಂದುವರಿಕೆ.

ಇನ್ನು ಮೈಲೂರ ಶಾಖೆ. ಬೀದರ ನಗರದ ಮೈಲೂರ, ಅಲ್ಲಿಂದ ಆಚೆ ಭಾಲ್ಕಿ, ಮೇಲಕ್ಕೆ ಔರಾದ: ಇಷ್ಟು ಸೀಮೆಗೆ ಒಂದು ಪ್ರತ್ಯೇಕ ಶ್ವಾನಶಾಸ್ತ್ರ ಬೇಕೇ ಎಂಬುದು ಪೂರ್ವಪಕ್ಷ. ಬೇಕು ಎಂಬುದು ಸಿದ್ಧಾಂತ. ಭಾಲ್ಕಿ ತಾಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನಿದ್ದಾನೆ. ಗಡಿಯಾಚೆ ಇವನೇ ಖಂಡೋಬಾ. ಕುದುರೆಯೇರಿದ ಈ ದೇವರ ಪಕ್ಕದಲ್ಲಿ ನಾಯಿ ಇರಲೇಬೇಕು. ಅವನ ಭಕ್ತರಾದ ವಗ್ಗಯ್ಯರು ಸೇವೆಗೆ ನಿಂತಾಗ ತಾವೇ ದೇವರ ನಾಯಿಗಳಾಗುತ್ತಾರೆ. ನಾಯಿಯಂತೆ ಬೊಗಳುತ್ತಾರೆ, ಬಟ್ಟಲಲ್ಲಿಟ್ಟದ್ದನ್ನು ಬಾಯಿಂದಲೇ ಉಣ್ಣುತ್ತಾರೆ. ಭಕ್ತಿಯ ಮಾತು ಭಕ್ತಿಗೆ ಇರಲಿ. ಶಾಸ್ತ್ರಕಾರನ ಕಣ್ಣಿಗೆ ಬೀಳುವುದು ಬೇರೆ. ಕರೆದಾಗ ಬರುವುದು, ಹೇಳಿದಾಗ ಮಾತ್ರ ಬೊಗಳುವುದು, ತನ್ನ ಬಟ್ಟಲು ಬಿಟ್ಟು ಇನ್ನೊಂದಕ್ಕೆ ಬಾಯಿ ಹಾಕದಿರುವುದು, ಗದ್ದಲದ ಜಾತ್ರೆಯಲ್ಲೂ ಒಡೆಯನ ಮೇಲಿನ ಲಕ್ಷ್ಯ ಕದಲದಿರುವುದು, ಇವೇ ವಿಧೇಯತಾ ಪರೀಕ್ಷೆಯ ಮುಖ್ಯ ಅಂಗಗಳು. ಜಿಲ್ಲೆಯ ನಾಲ್ಕು ಕಾಲಿನ ನಾಯಿಗಳಲ್ಲಿ ಈ ನಾಲ್ಕರಲ್ಲೂ ಪಾಸಾದದ್ದು ಅಪರೂಪ. ಮೇಲಾಗಿ ವಗ್ಗಯ್ಯನಿಗೆ ವಂಶಾವಳಿಯೂ ಇದೆ, ಊರಿಗೆಲ್ಲ ಗೊತ್ತು.

ಶಾಖೆಯ ಎರಡನೆಯ ಆಧಾರ ನಂದಿನಗರ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರಿನ ಇದೇ ನಂದಿನಗರದಲ್ಲಿದೆ. ರಾಜ್ಯದ ಹೆಸರಾಂತ ನಾಯಿ ಮುಧೋಳದ್ದು. ಅದರ ಸಂವರ್ಧನೆಗೆ ಮುಧೋಳದ ಬಳಿ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುವುದು ಇದೇ ವಿಶ್ವವಿದ್ಯಾಲಯ. ಅಂದರೆ ಮುಧೋಳದ ನಾಯಿ ಬಾಗಲಕೋಟೆ ಜಿಲ್ಲೆಯಲ್ಲಿ ಓಡುತ್ತದೆ, ಅದರ ಕಡತ ಮುನ್ನೂರು ಕಿಲೋಮೀಟರಿಗೂ ಆಚೆಯ ಬೀದರಿನಲ್ಲಿ ಓಡುತ್ತದೆ. ಯಾವುದು ಮೊದಲು ಮುಟ್ಟುತ್ತದೆ ಎಂಬ ಪ್ರಶ್ನೆಯನ್ನು ಶಾಸ್ತ್ರ ಎತ್ತುವುದಿಲ್ಲ.

ಈ ನಾಯಿಯ ಕೀರ್ತಿ ಸಣ್ಣದಲ್ಲ. ಮುಧೋಳದ ಅರಸು ಮಾಲೋಜಿರಾವ್ ಘೋರ್ಪಡೆ ಇದನ್ನು ಸಾಕಿ ಬೆಳೆಸಿ, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟರು. 2005ರ ಜನವರಿಯಲ್ಲಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರ ಸೇರಿದವು, 2020ರ ಆಗಸ್ಟಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದರು. ಇಷ್ಟಾದರೂ ಅದಕ್ಕೆ ಒಂದೇ ಹೆಸರಿಲ್ಲ. ದೇಶದ ಎರಡು ದೊಡ್ಡ ಶ್ವಾನ ಸಂಘಗಳಲ್ಲಿ ಒಂದರ ದಾಖಲೆಯಲ್ಲಿ ಅದು ಕ್ಯಾರವಾನ್ ಹೌಂಡ್, ಇನ್ನೊಂದರಲ್ಲಿ ಮುಧೋಳ ಹೌಂಡ್. ಮರಾಠಿ ಸೀಮೆಯಲ್ಲಿ ಕಾರವಾನಿ. ಕಿವಿ-ಬಾಲಕ್ಕೆ ಉದ್ದ ಕೂದಲಿದ್ದರೆ ಪಶ್ಮಿ. ಹಳ್ಳಿಯ ಕುರುಬರ ಬಾಯಲ್ಲಿ ಬರೀ ಬೇಟೆನಾಯಿ. ಈ ನಾಮಭೇದದ ಬಗ್ಗೆ ಮನುಷ್ಯರು ಜಗಳಾಡಿದ್ದಾರೆ. ನಾಯಿ ಎಲ್ಲ ಹೆಸರಿಗೂ ಸಮಾನವಾಗಿ ಓಗೊಡದೆ ಮಧ್ಯಸ್ಥ ನಿಲುವು ಉಳಿಸಿಕೊಂಡಿದೆ.

ಇಂಥ ನಾಯಿಯ ಕಡತ ಊರಲ್ಲೇ ಇರುವಾಗ ಮೈಲೂರದ ಹುಡುಗರಿಗೆ ಬೇಕಾದದ್ದು ಹಸ್ಕಿ. ಸೈಬೀರಿಯದ ಹಿಮದಲ್ಲಿ ಗಾಡಿ ಎಳೆಯಲು ಎರಡು ಪದರದ ತುಪ್ಪಳ ಬೆಳೆಸಿಕೊಂಡ ಪ್ರಾಣಿಯನ್ನು, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಕೆಂಪುಕಲ್ಲಿನ ಊರಿಗೆ ತಂದು ಕೂಲರ್ ಮುಂದೆ ಮಲಗಿಸುವುದು ಹೊಸಕಾಲದ ತಪಸ್ಸು; ತಪಸ್ಸು ಮಾಡುವುದು ಮಾತ್ರ ನಾಯಿ. ಹಿಂದಿನ ಪೀಳಿಗೆಗೆ ‘ಪಾಮೇರಿಯನ್’ ಇತ್ತು. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದ ಟಫ್ಫಿಯನ್ನು ನೋಡಿದ ಮೇಲೆ ಬಿಳಿ ತುಪ್ಪಳದ ನಾಯಿ ಇಲ್ಲದ ಓಣಿ ಇರಲಿಲ್ಲ. ಅವುಗಳಲ್ಲಿ ಹೆಚ್ಚಿನವು ಪಾಮೇರಿಯನ್ ಆಗಿರಲೇ ಇಲ್ಲ, ಇಂಡಿಯನ್ ಸ್ಪಿಟ್ಜ್ ಆಗಿದ್ದವು, ಸ್ವತಃ ಟಫ್ಫಿಯೂ ಅದೇ. ಇದನ್ನು ಈಗ ಹೇಳಿ ಹಳೆಯ ಸ್ನೇಹ ಕೆಡಿಸಿಕೊಳ್ಳಬಾರದು. 2022ರಲ್ಲಿ ‘777 ಚಾರ್ಲಿ’ ಬಂದ ಮೇಲೆ ಲ್ಯಾಬ್ರಡಾರ್ ಕೇಳುವವರು ಬಂದರು. ರಕ್ತಸಂಬಂಧದಲ್ಲೇ ಮರಿ ಹಾಕಿಸುವ ದುರಾಸೆಯಿಂದ ನಾಯಿಗೆ ಏನಾಗುತ್ತದೆ ಎಂಬುದೇ ಆ ಚಿತ್ರದ ಕಥೆಯ ಬೇರು. ಕಣ್ಣೀರು ಒರೆಸಿಕೊಂಡು ಹೊರಬಂದವರು ಅಂಥದೇ ಮರಿ ಕಡಿಮೆ ದರಕ್ಕೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು.

ಸಂತಾನ ಪ್ರಕರಣಕ್ಕೆ ಬಂದರೆ ಶಾಸ್ತ್ರ ಗಂಭೀರವಾಗುತ್ತದೆ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಬೆದೆ ಮೂರು ವಾರ ಇದ್ದರೂ ಗರ್ಭ ನಿಲ್ಲುವ ದಿನಗಳು ನಡುವಿನ ಕೆಲವೇ. ಮಾಲೀಕನು ಗಂಡನ್ನು ಹುಡುಕಿ, ಮಾತುಕತೆ ಮುಗಿಸಿ, ಹುಮನಾಬಾದಿನಿಂದ ಆಟೋದಲ್ಲಿ ವರನನ್ನು ಕರೆತರುವಷ್ಟರಲ್ಲಿ ಆ ದಿನಗಳು ಕಳೆದಿರುತ್ತವೆ, ಇಲ್ಲವೇ ಓಣಿಯ ನಾಯಿಯೊಂದು ಗೋಡೆ ಹಾರಿ ಕಾರ್ಯ ಮುಗಿಸಿರುತ್ತದೆ. ವರನ ಕಡೆಯವರಿಗೆ ಒಂದು ಮರಿ ಎಂಬ ಕರಾರು ಇರುವುದರಿಂದ ಈ ಎರಡನೆಯ ಸಂಗತಿ ಗುಟ್ಟಾಗಿ ಉಳಿಯುತ್ತದೆ. ಅರವತ್ಮೂರನೆಯ ದಿನದ ಸುಮಾರಿಗೆ ಮರಿಗಳೇ ಅದನ್ನು ಬಯಲು ಮಾಡುತ್ತವೆ. ಗರ್ಭವೇ ಇಲ್ಲದೆ ಹೊಟ್ಟೆ ಉಬ್ಬಿ, ಮೊಲೆಯಲ್ಲಿ ಹಾಲೂ ಬರುವ ಸುಳ್ಳು ಬಸಿರು ನಾಯಿಗಳಲ್ಲಿ ಸಾಮಾನ್ಯ. ಅಂಥ ಹೊಟ್ಟೆ ನಂಬಿ ಐದು ಮರಿಗೆ ಮುಂಗಡ ಹಿಡಿದವರ ಅವಸ್ಥೆಗೆ ಶಾಸ್ತ್ರದಲ್ಲಿ ಪರಿಹಾರವಿಲ್ಲ.

ಕಾಯಿದೆಯಲ್ಲಿ ಪರಿಹಾರ ಉಂಟು, ಅದನ್ನು ಓದುವವರು ಕಡಿಮೆ. 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹೆಣ್ಣಿಗೆ ಹದಿನೆಂಟು ತಿಂಗಳಾಗುವ ಮುಂಚೆ ಮರಿ ಹಾಕಿಸಬಾರದು, ಎಂಟು ವಾರ ತುಂಬದ ಮರಿ ಮಾರಬಾರದು. ಪೂರ್ವಪಕ್ಷದವರು ‘ಎಂಟು ವಾರ ಹಾಲು ಯಾರು ಕುಡಿಸಬೇಕು’ ಎನ್ನುತ್ತಾರೆ. ತಾಯಿನಾಯಿ ಎಂಬ ಉತ್ತರ ಅವರಿಗೆ ಹೊಳೆದಿರುವುದಿಲ್ಲ.

ತಳಿ ಗುರುತಿಸುವುದರಲ್ಲಿ ಈ ಸೀಮೆಯವರು ದಡ್ಡರೆಂದು ಯಾರೂ ತಿಳಿಯಬಾರದು. ಔರಾದ, ಭಾಲ್ಕಿಗಳು ದೇವಣಿ ದನದ ಸೀಮೆ. ಮುಖ ಮಾತ್ರ ಕಪ್ಪಾಗಿದ್ದರೆ ವಾನ್ನೇರ, ಬಿಳಿ ಮೈಯ ಕೆಳಭಾಗದಲ್ಲಿ ಕಪ್ಪು ಮಚ್ಚೆ ಇದ್ದರೆ ಬಾಳಂಕ್ಯಾ, ಮೈಯೆಲ್ಲ ಅಡ್ಡಾದಿಡ್ಡಿ ಮಚ್ಚೆಯಿದ್ದರೆ ಶೇವೇರ ಎಂದು ನೂರು ಹೆಜ್ಜೆ ದೂರದಿಂದಲೇ ಹೇಳುವ ಹಿರಿಯರಿದ್ದಾರೆ. ಈ ಜ್ಞಾನ ನಾಯಿಗೆ ಅನ್ವಯವಾದಾಗ ಇಂಥ ಸಂವಾದ ನಡೆಯುತ್ತದೆ:

‘ತಮ್ಮಾ, ನಿನ್ನ ನಾಯಿ ಚಲೋ ಅದ. ಶೇವೇರ ಅಲಾ?’

‘ಇಲ್ಲ ಕಾಕಾ, ಡಾಲ್ಮೇಷನ್ ಅದ ರೀ.’

‘ಏನರೆ ಇರ್ಲಿ. ಹಲ್ಲು ತೋರ್ಸು, ವಯಸ್ಸು ಹೇಳ್ತೀನಿ.’

ಇದರಲ್ಲಿ ನಗುವಂಥದ್ದೇನೂ ಇಲ್ಲ. ಪ್ರದರ್ಶನದ ತೀರ್ಪುಗಾರರೂ ಮೊದಲು ನೋಡುವುದು ಬಣ್ಣ, ನಿಲುವು, ಹಲ್ಲು. ಅವರು ಟೈ ಕಟ್ಟಿರುತ್ತಾರೆ, ಕಾಕಾ ರುಮಾಲು ಸುತ್ತಿರುತ್ತಾರೆ.

ತರಬೇತಿ ಪ್ರಕರಣದಲ್ಲಿ ಮೈಲೂರ ಶಾಖೆಗೆ ಮೂರು ವಿಘ್ನಗಳು. ಮೊದಲನೆಯದು ಮನೆಮಂದಿ. ಒಂದು ಅಪ್ಪಣೆಗೆ ಒಂದೇ ಮಾತು ಎಂಬುದು ಎಲ್ಲ ತರಬೇತುದಾರರೂ ಹೇಳುವ ನಿಯಮ. ಇಲ್ಲಿ ಮಗ ‘ಸಿಟ್’ ಅನ್ನುತ್ತಾನೆ, ಅಜ್ಜಿ ‘ಕುಂಡ್ರು’ ಅನ್ನುತ್ತಾರೆ, ಉದಗೀರದಿಂದ ಬಂದ ಅತ್ತಿಗೆ ಮರಾಠಿಯಲ್ಲಿ ‘ಬಸ್’ ಅನ್ನುತ್ತಾರೆ, ಪಕ್ಕದ ಮನೆಯ ಚಾಚಾ ‘ಬೈಠ್’ ಅನ್ನುತ್ತಾರೆ. ನಾಯಿ ನಿಂತೇ ಇರುತ್ತದೆ. ಎರಡನೆಯ ವಿಘ್ನ ಆಕಾಶದಿಂದ ಬರುತ್ತದೆ. ಬೀದರ ವಾಯುನೆಲೆ ಪೈಲಟ್‌ಗಳ ತರಬೇತಿಯ ಜಾಗ. 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿದ್ದೂ ಇಲ್ಲೇ. ‘ಸ್ಟೇ’ ಎಂದು ನಿಲ್ಲಿಸಿದ ನಾಯಿ ಹತ್ತು ಹೆಜ್ಜೆ ದೂರದಲ್ಲಿ ಅಲುಗಾಡದೆ ಕೂತು, ಮಾಲೀಕನ ಕಣ್ಣಲ್ಲಿ ಹೆಮ್ಮೆ ತುಂಬುವ ಗಳಿಗೆಗೇ ತಲೆಯ ಮೇಲೆ ವಿಮಾನ ಹಾಯುತ್ತದೆ. ತರಬೇತಿ ನಡೆದಿದೆ ನಿಜ, ಅದು ಪೈಲಟ್‌ಗಳದ್ದು. 2021ರಲ್ಲಿ ವಾಯುಪಡೆ ಮುಧೋಳದ ಮರಿಗಳನ್ನು ಆಗ್ರಾದ ರನ್‌ವೇಯಲ್ಲಿ ಹಕ್ಕಿ ಓಡಿಸಲು ತೆಗೆದುಕೊಂಡಿತು. ವಿಮಾನಕ್ಕೆ ಬೊಗಳುವ ಬೀದರಿನ ನಾಯಿಗಳಿಗೆ ಈ ಸುದ್ದಿ ಮುಟ್ಟಿದಂತಿಲ್ಲ.

ಮೂರನೆಯ ವಿಘ್ನ ಕೃಷ್ಣಮೃಗ. ಈ ಜಿಲ್ಲೆಯ ಹೊಲಗಳಲ್ಲಿ ಅವು ಹಿಂಡಾಗಿ ತಿರುಗುತ್ತವೆ. ಮುಧೋಳದ ಬೇಟೆನಾಯಿ ಮೂಸಿ ಹುಡುಕುವ ಜಾತಿಯಲ್ಲ, ಕಣ್ಣಲ್ಲಿ ಕಂಡು ಓಡುವ ಜಾತಿ. ಓಡುವುದು ಕಂಡಿತೋ, ಅದರ ಕಿವಿ ಮುಚ್ಚಿತು. ‘ಕಮ್’ ಎಂಬ ಅಪ್ಪಣೆ ಕಡಲೆ ಹೊಲದ ಮೇಲೆ ತೇಲಿ ವ್ಯರ್ಥವಾಗುತ್ತದೆ. 1972ರ ವನ್ಯಜೀವಿ ಕಾಯಿದೆಯಡಿ ಕೃಷ್ಣಮೃಗಕ್ಕೂ ಮೊಲಕ್ಕೂ ರಕ್ಷಣೆಯಿದೆ. ಕಾಯಿದೆ ಓದದ ನಾಯಿ ಬಾಲ ಅಲ್ಲಾಡಿಸುತ್ತ ವಾಪಸು ಬರುತ್ತದೆ, ಅರಣ್ಯ ಇಲಾಖೆಯ ಕಚೇರಿಗೆ ಹೋಗುವುದು ಮಾಲೀಕ. ಹಗ್ಗ ಬಿಚ್ಚಬೇಡಿ ಎಂಬ ಒಂದೇ ಸೂತ್ರವನ್ನು ಈ ಅಧ್ಯಾಯ ನಗೆಯಿಲ್ಲದೆ ಹೇಳುತ್ತದೆ.

ಕೊನೆಯದು ಪ್ರದರ್ಶನ ಪ್ರಕರಣ. ಔರಾದದ ಗಡಿ ದಾಟಿದರೆ ನಾಂದೇಡ ಜಿಲ್ಲೆ. ಅಲ್ಲಿ ಲೋಹಾ ತಾಲೂಕಿನ ಮಾಳೇಗಾಂವದಲ್ಲಿ ಮಾರ್ಗಶಿರ ಮಾಸದ ಖಂಡೋಬಾ ಜಾತ್ರೆ. ಕುದುರೆ, ಕತ್ತೆಗಳ ವ್ಯಾಪಾರಕ್ಕೆ ಹೆಸರಾದ ಈ ಜಾತ್ರೆಯಲ್ಲಿ ಅಶ್ವ, ಶ್ವಾನ, ಕುಕ್ಕುಟ ಪ್ರದರ್ಶನವೂ ಇರುತ್ತದೆ. ನಾಯಿಯನ್ನು ದೇವರ ಪಕ್ಕದಲ್ಲಿಟ್ಟ ಜಾತ್ರೆಯಲ್ಲೇ ನಾಯಿಗೆ ಮಾರ್ಕು ಹಾಕುವ ವ್ಯವಸ್ಥೆ ಇದು, ಮೈಲೂರ ಶಾಖೆಗೆ ಇದಕ್ಕಿಂತ ಪವಿತ್ರ ಸ್ಥಳವಿಲ್ಲ. ನಗರಗಳ ಸಂಘಗಳು ನಡೆಸುವ ಪ್ರದರ್ಶನದ ಶಿಸ್ತು ಬೇರೆ. ನಾಯಿ ಚೌಕಾಕಾರವಾಗಿ ಕಾಲೂರಿ ನಿಲ್ಲಬೇಕು, ಅಪರಿಚಿತರು ಬಾಯಿ ತೆರೆದು ಹಲ್ಲು ನೋಡಿದರೂ ಸುಮ್ಮನಿರಬೇಕು. ಮೇಲಿನ ಹಲ್ಲುಸಾಲು ಕೆಳಗಿನದರ ಮೇಲೆ ಕತ್ತರಿಯಂತೆ ಕೂತಿರಬೇಕು. ಗಂಡುನಾಯಿಯಾದರೆ ಎರಡೂ ಬೀಜ ಇಳಿದಿವೆಯೇ ಎಂದು ತೀರ್ಪುಗಾರರು ಕೈಯಿಂದ ಮುಟ್ಟಿ ನೋಡುತ್ತಾರೆ. ಮೊದಲ ಸಲ ಇದನ್ನು ಕಂಡ ಹಳ್ಳಿಯ ಪ್ರೇಕ್ಷಕರು ಪಕ್ಕಕ್ಕೆ ತಿರುಗುತ್ತಾರೆ, ನಾಯಿ ಮಾಲೀಕನ ಮುಖ ನೋಡುತ್ತದೆ, ಮಾಲೀಕ ಆಕಾಶ ನೋಡುತ್ತಾನೆ. ಆಮೇಲೆ ಓಟ. ನಾಯಿಯ ನಡೆ ತೋರಿಸಲು ಮಾಲೀಕನೂ ಅದರ ಸಮಕ್ಕೆ ಓಡಬೇಕು. ಎರಡಡಿಗೂ ಮೀರಿ ಎತ್ತರದ, ಹೊಟ್ಟೆ ಬೆನ್ನಿಗೆ ಹತ್ತಿದ ಮುಧೋಳದ ನಾಯಿಯೊಂದಿಗೆ, ಹೊಟ್ಟೆ ಮುಂದಕ್ಕೆ ಹೋದ ಮಾಲೀಕ ಓಡುವುದನ್ನು ನೋಡಿದವರು ತಳಿ ಸುಧಾರಣೆ ಯಾವ ಕಡೆ ಆಗಬೇಕೆಂದು ತಾವೇ ತೀರ್ಮಾನಿಸುತ್ತಾರೆ.

ಇಷ್ಟರಲ್ಲಿ ರಿಂಗಿನೊಳಗೆ ಬೆದೆಗೆ ಬಂದ ಹೆಣ್ಣುನಾಯಿಯೊಂದು ಕಾಲಿಟ್ಟರೆ ಶಾಸ್ತ್ರ ಅಲ್ಲಿಗೆ ಸಮಾಪ್ತ. ಆರು ತಿಂಗಳು ಕಲಿಸಿದ ಸಿಟ್, ಸ್ಟೇ, ಹೀಲ್ ಎಲ್ಲವೂ ಆರು ಸೆಕೆಂಡಿನಲ್ಲಿ ಮರೆತುಹೋಗುತ್ತವೆ.

ಮರಿ ತರಲು ಹೊರಟವರಿಗೆ ಈ ಶಾಖೆಯ ವಿನಂತಿ ಇಷ್ಟು: ತಾಯಿನಾಯಿಯನ್ನು ಕಣ್ಣಾರೆ ನೋಡಿ, ಮರಿಗೆ ಎಂಟು ವಾರ ತುಂಬಿದೆಯೇ ಕೇಳಿ, ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು ಹಾಕಿಸಿ. ಓಣಿಯಲ್ಲಿ ನಾಯಿಜೋಡಿ ಕೂಡಿ ಅಂಟಿಕೊಂಡು ನಿಂತಾಗ ಹುಡುಗರು ಕಲ್ಲು ಹೊಡೆಯದಂತೆ, ನೀರು ಸುರಿಯದಂತೆ ತಡೆಯಿರಿ. ಎಳೆದರೆ ಎರಡಕ್ಕೂ ಗಾಯವಾಗುತ್ತದೆ, ಬಿಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾವಾಗಿ ಬೇರೆಯಾಗುತ್ತವೆ. ಹಸ್ಕಿ ಬೇಕೇ ಬೇಕು ಅನ್ನುವವರು ಮೇ ತಿಂಗಳ ಒಂದು ಮಧ್ಯಾಹ್ನ ಉಣ್ಣೆಯ ಕೋಟು ತೊಟ್ಟು ಬೀದರ ಕೋಟೆಯ ಸುತ್ತ ಒಂದು ಸುತ್ತು ನಡೆದು ಬಂದು, ಆಮೇಲೆ ಮುಂಗಡ ಕೊಡಿ.