ಮಾಳಿಗೆಯ ಮೇಲಿನ ಮಂಗ್ಯಾಗೋಳು

ಸಂವಿಧಾನದ 371(ಜೆ) ಕಲಮಿನಿಂದ ನಿಮ್ಮ ಕಲಬುರಗಿ ಭಾಗಕ್ಕೆ ಏನು ಬಂತು ಎಂದು ಬೆಂಗಳೂರಿನ ಗೆಳೆಯರು ಆಗಾಗ ಕೇಳುತ್ತಾರೆ. ಉಳಿದವರದು ನನಗೆ ತಿಳಿಯದು, ನನ್ನ ಲೆಕ್ಕ ಮಾತ್ರ ಪಕ್ಕಾ ಇದೆ. ಅದರ ಮೀಸಲಾತಿಯಿಂದ ನೌಕರಿ ಬಂತು, ನೌಕರಿಯಿಂದ ಹೆಂಡತಿ ಬಂದಳು, ಹೆಂಡತಿಯಿಂದ ಕಮಲಾಪುರದ ಕೆಂಪು ಬಾಳೆಹಣ್ಣು ಬಂತು. 2012ರಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಕೈ ಎತ್ತಿದಾಗ ಈ ಮೂರನೆಯದರ ವಿಚಾರ ಯಾರ ತಲೆಯಲ್ಲೂ ಇದ್ದಿರಲಿಕ್ಕಿಲ್ಲ.

ಮದುವೆಯಾದ ಮೇಲೆ ಕಲಬುರಗಿಯ ಅಂಚಿನ ತಾಜಸುಲ್ತಾನಪುರದಲ್ಲಿ ಬಾಡಿಗೆ ಮನೆ ಹಿಡಿದೆವು. ಕೆ.ಎಸ್.ಆರ್.ಪಿ.ಯ ಆರನೇ ಪಡೆ ಇರುವುದು ಇಲ್ಲೇ. 2017ರಲ್ಲಿ ಶುರುವಾದ ಬೀದರ್ ರೈಲು ಹಾದು ಹೋಗುವುದೂ ಇಲ್ಲೇ. ಇದು ಊರೋ ಸಿಟಿಯೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮನೆ ಮಾಲೀಕರು ಬಾಡಿಗೆ ಹೇಳುವಾಗ ಸಿಟಿ. ರಾತ್ರಿ ಸೂಪರ್ ಮಾರ್ಕೆಟ್ಟಿನಿಂದ ಆಟೋ ಕರೆದರೆ ‘ಅಷ್ಟು ದೂರ ಹಳ್ಳಿಗಿ ಯಾರ್ ಬರ್ತಾರ್ರಿ’ ಎನ್ನುವಷ್ಟು ಹಳ್ಳಿ.

ಮೊದಲ ಬೇಸಿಗೆಗೆ ಕೂಲರ್ ತಂದೆ. ತಂಪು ಹೊರಗೆ ಹೋಗಿ ಪೋಲಾಗಬಾರದೆಂದು ಕಿಟಕಿ, ಬಾಗಿಲು ಎಲ್ಲ ಭದ್ರ ಮಾಡಿದೆ. ಕೂಲರಿನ ಗುಟ್ಟು ನಮ್ಮ ಒಣಗಾಳಿಯಲ್ಲಿದೆ. ಹುಲ್ಲಿನ ಪ್ಯಾಡಿನ ಮೇಲೆ ಇಳಿಯುವ ನೀರು ಆವಿಯಾಗುತ್ತ ಗಾಳಿಯ ಕಾವನ್ನು ಎಳೆದುಕೊಳ್ಳುತ್ತದೆ, ಆ ಹಸಿಗಾಳಿಗೆ ಹೊರಗೆ ಹೋಗಲು ದಾರಿ ಬಿಡಬೇಕು. ನಾನು ದಾರಿ ಮುಚ್ಚಿದ್ದೆ. ನಡುರಾತ್ರಿಯ ಹೊತ್ತಿಗೆ ಗೋಡೆಗಳೂ ಬೆವರುತ್ತಿದ್ದವು. ನಮ್ಮಾಕಿ ಬಿ.ಎಸ್ಸಿ. ಓದಿದವಳು. ‘ನಾ ಮೊದಲೇ ಹೇಳಿದ್ನಿಲ್ರೀ’ ಎನ್ನಲಿಲ್ಲ. ಎದ್ದು ಸುಮ್ಮನೆ ಕಿಟಕಿ ತೆಗೆದು ಮಲಗಿದಳು. ಅದರ ಬದಲು ನಾಲ್ಕು ಮಾತು ಅಂದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು. ಆಮೇಲೆ ನಾನು ರೊಟ್ಟಿ ಬಡಿದದ್ದು, ಅದನ್ನು ಎಮ್ಮೆಯೂ ಮೂಸಿ ನೋಡಿ ಬಿಟ್ಟದ್ದು, ಅವಳ ಕಾಲೇಜಿನ ಸರ್ಟಿಫಿಕೇಟನ್ನು ಲ್ಯಾಮಿನೇಶನ್ ಮಾಡಿಸುತ್ತೇನೆಂದು ಹೋಗಿ ಬೇರೊಬ್ಬರ ಮಾರ್ಕ್ಸ್ ಕಾರ್ಡ್ ತಂದದ್ದು, ಎಲ್ಲ ಸಣ್ಣಪುಟ್ಟವು, ಬಿಡಿ. ಹೇಳಬೇಕಾದದ್ದು ಎರಡನೇ ಬೇಸಿಗೆಯ ಮಾಳಿಗೆಯ ಹಕೀಕತ್ತು.

ಮೇ ತಿಂಗಳು. ಹಗಲು ನಲವತ್ಮೂರು ಡಿಗ್ರಿ, ರಾತ್ರಿ ಕರೆಂಟಿನ ಕಣ್ಣಾಮುಚ್ಚಾಲೆ. ಮಾಳಿಗೆಯ ಮೇಲೆ ಮಲಗುವುದು ಕಲಬುರಗಿಯಲ್ಲಿ ಹೊಸದೇನಲ್ಲ. ಹೊಸದು ನನ್ನ ಶರತ್ತು: ಮೊಬೈಲ್ ಎರಡೂ ಕೆಳಗೇ ಇರಬೇಕು. ‘ಒಂದಿನ ಬರೇ ಚಿಕ್ಕಿ ನೋಡ್ಕೋತ ಮಲ್ಕೊಳ್ಳೋಣು’ ಎಂದೆ. ಇಂಥ ಮಾತು ಆಡಿ ನನಗೇ ಸ್ವಲ್ಪ ಮೈ ಜುಂ ಎಂದಿತು.

‘ಚಿಕ್ಕಿ ಮುಂಜಾನಿ ಎಬ್ಬಸ್ತಾವೇನ್ರಿ? ಎಂಟಕ್ಕ ಆಫೀಸು ನಿಮಗ.’

ಅದೂ ನಿಜ. ಬಿಸಿಲಿಗೆ ಹೆದರಿ ಸರ್ಕಾರ ಏಪ್ರಿಲ್, ಮೇನಲ್ಲಿ ನಮ್ಮ ಕಡೆಯ ಕಚೇರಿಗಳ ವೇಳೆಯನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸುತ್ತದೆ. ಆದರೂ ಪಕ್ಕದಲ್ಲೇ ಪೊಲೀಸ್ ಪಡೆ ಇಟ್ಟುಕೊಂಡು ಅಲಾರಾಂ ಕೇಳುವುದು ಏನು ಶಾಣ್ಯಾತನ? ಕವಾಯತಿನ ಸದ್ದಿಗೆ ಎಚ್ಚರ ಆಗಿಯೇ ಆಗುತ್ತದೆ ಎಂದು ವಾದಿಸಿ ಗೆದ್ದೆ. ಗಾದಿ, ಕೌದಿ, ಒಂದು ತಂಬಿಗೆ ನೀರು ಮೇಲೆ ಹೋದವು. ರಾತ್ರಿ ಚೆನ್ನಾಗಿತ್ತು. ಅದರಲ್ಲಿ ಓದುಗರಿಗೆ ಕೆಲಸವಿಲ್ಲ.

ಎಚ್ಚರವೇನೋ ಆಯಿತು. ಕೆಳಗಿಳಿಯಲು ಹೋದರೆ ಮೆಟ್ಟಿಲ ಬಾಗಿಲು ಒಳಗಿನಿಂದ ಹಾಕಿದೆ.

ಇಲ್ಲಿ ಆಯಿಯ ವಿಷಯ ಹೇಳಲೇಬೇಕು. ಮಾಲೀಕರ ತಾಯಿ. ಮನೆಮಂದಿಯೆಲ್ಲ ಮದುವೆಗೆಂದು ಊರಿಗೆ ಹೋಗಿದ್ದರು, ಕೆಳಗೆ ಇದ್ದದ್ದು ಆಯಿ ಒಬ್ಬಳೇ. ಎಂಬತ್ತು ದಾಟಿದರೂ ಮೊಣಕಾಲು ಗಟ್ಟಿ. ಕಿವಿ ಮಾತ್ರ ಅವಳಿಗೆ ಬೇಕಾದಾಗ ಕೇಳುತ್ತದೆ. ಹಿಂದಿನ ದಿನವಷ್ಟೇ ಮಂಗಗಳ ಹಿಂಡು ಬಂದು ಅವಳು ಒಣಹಾಕಿದ್ದ ಸಂಡಿಗೆಯನ್ನು ಮೆದ್ದು, ಮೆಲ್ಲಲಾಗದ್ದನ್ನು ಬೀದಿಗೆ ತೂರಿ ಹೋಗಿತ್ತು. ಉಳಿದ ಸಂಡಿಗೆಯ ಮೊರಗಳನ್ನು ಮೆಟ್ಟಿಲ ಮೇಲೆ ಜೋಡಿಸಿಟ್ಟಿದ್ದಳು. ನಸುಕಿನಲ್ಲಿ ಎದ್ದು ನೋಡಿದರೆ ಮಾಳಿಗೆಯ ಬಾಗಿಲು ಹಾರು ಹೊಡೆದಿದೆ. ಎಳೆದು ಚಿಲಕ ಹಾಕಿ ಹೋಗಿದ್ದಾಳೆ.

ನಾನು ಬಾಗಿಲು ಬಡಿದೆ. ಮೊದಲು ಸಭ್ಯವಾಗಿ, ಬೆರಳ ಗೆಣ್ಣಿನಿಂದ. ಆಮೇಲೆ ಅಂಗೈಯಿಂದ. ಆಮೇಲೆ ಎರಡೂ ಮುಷ್ಟಿಯಿಂದ. ತಗಡಿನ ಬಾಗಿಲು, ಸದ್ದು ಚೆನ್ನಾಗಿ ಬರುತ್ತಿತ್ತು. ಬಹಳ ಹೊತ್ತಾದ ಮೇಲೆ ಒಳಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದವು. ‘ಬಂದ್ಳು ನೋಡು ಆಯಿ’ ಎಂದು ನಮ್ಮಾಕಿಯತ್ತ ಗೆದ್ದ ಮುಖ ಮಾಡಿ, ಬಾಗಿಲಿಗೆ ಇನ್ನೆರಡು ಗುದ್ದು ಜೋರಾಗಿ ಕೊಟ್ಟೆ. ಹೆಜ್ಜೆ ನಿಂತವು.

‘ಸುಡುಗಾಡ ಮಂಗ್ಯಾಗೋಳು! ನಿನ್ನಿ ತಿಂದದ್ದು ಸಾಕಾಗಿಲ್ಲೇನು? ಬಡಕೋರಿ, ಎಷ್ಟು ಬಡಕೋತೀರಿ!’

ಬಳಿಕ ಕೇಳಿದ್ದು, ಬಹಳ ಸ್ಪಷ್ಟವಾಗಿ, ಮೇಲಿನ ಎರಡನೇ ಚಿಲಕ ಬೀಳುವ ಸದ್ದು.

ನಮ್ಮಾಕಿ ಗಾದಿಯ ಮೇಲೆ ಬಿದ್ದು ಬಿದ್ದು ನಕ್ಕಳು. ನಾನು ‘ಆಯೀ, ನಾನು, ನಾನು’ ಎಂದು ಒದರಿದೆ. ‘ನಾನು’ ಎಂದರೆ ಯಾರೆಂದು ಕೇಳುವ ಕಿವಿಯೂ ಅಲ್ಲ, ಆ ಹೊತ್ತಿಗೆ ಆಯಿ ಮೆಟ್ಟಿಲ ಮೇಲೂ ಇಲ್ಲ.

ಸೂರ್ಯ ಬಂದ. ನಮ್ಮ ಸೂರ್ಯ ಬೇರೆ ಊರುಗಳಂತೆ ನಿಧಾನಕ್ಕೆ ಬಿಸಿಯಾಗುವವನಲ್ಲ, ಬರುವಾಗಲೇ ತಯಾರಾಗಿ ಬರುತ್ತಾನೆ. ಇಡೀ ಮಾಳಿಗೆಗೆ ಇದ್ದ ನೆರಳು ಸಿಂಟೆಕ್ಸ್ ಟ್ಯಾಂಕಿನದೊಂದೇ. ಏಳು ಗಂಟೆಗೆ ಅದು ಉದ್ದಕ್ಕೆ ಚಾಚಿಕೊಂಡಿತ್ತು, ಇಬ್ಬರೂ ಕಾಲು ನೀಡಿ ಕೂತೆವು. ಸ್ವಲ್ಪ ಹೊತ್ತಿಗೆ ಕಾಲು ಮಡಚಬೇಕಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಆ ನೆರಳು ಒಂದೂವರೆ ಮನುಷ್ಯರ ಅಳತೆಗೆ ಬಂದು ನಿಂತಿತು; ಅರ್ಧ ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಿಲ್ಲ. ನಾನು ಕೌದಿಯನ್ನು ತಲೆಯಿಂದ ಹೊದ್ದುಕೊಂಡೆ. ಉಟ್ಟದ್ದು ಲುಂಗಿ, ಮೇಲೆ ಬನಿಯನ್ನೂ ಇಲ್ಲ.

ಆಗ ಖಾಲಿ ಪ್ಲಾಟುಗಳ ಆಚೆಯ ಮಾಳಿಗೆಗೆ ನಿವೃತ್ತ ಹವಾಲ್ದಾರ ಕಾಕಾ ವ್ಯಾಯಾಮಕ್ಕೆಂದು ಬಂದರು. ಕೈ ಬೀಸಿ ಕೂಗಿದೆವು. ಅವರೂ ಕೈ ಬೀಸಿ ಬೈಠಕ್ ಮುಂದುವರಿಸಿದರು. ಮತ್ತೆ ಕೂಗಿದ ಮೇಲೆ ವಿಷಯ ಮುಟ್ಟಿತು.

‘ಹಿಂದಿನ ಪೈಪ್ ಹಿಡದು ಇಳೀರಿ ತಮ್ಮಾ! ನಿಮ್ಮ ವಯಸ್ಸಿನಾಗ ನಾವು…’

‘ನಿಚ್ಚಣಕಿ ಅದ ಏನ್ರಿ ಕಾಕಾ?’

‘ಇತ್ತು. ಬಣ್ಣಾ ಹಚ್ಚಾವ ಒಯ್ದಾನ.’

ಕಡೆಗೆ ತಾವೇ ಹೋಗಿ ಆಯಿಗೆ ಹೇಳುವುದಾಗಿ ಇಳಿದರು. ಕೆಳಗೆ ಮುಂಬಾಗಿಲು ಬಡಿದದ್ದು, ಕಿಟಕಿ ತೆರೆದದ್ದು, ಮಾತುಕತೆ ನಡೆದದ್ದು ನಮಗೂ ಕೇಳಿತು. ವಾಪಸು ತಮ್ಮ ಮಾಳಿಗೆ ಹತ್ತಿ ಕಾಕಾ ವರದಿ ಒಪ್ಪಿಸಿದರು: ‘ಆಯಿ ಬಾಗಲಾ ತಗಿಯಂಗಿಲ್ಲ ಅಂತಾರ. ನೀವು ಹುಷಾರಿರ್ರಿ. ನಿಮ್ಮ ಮಾಳಗಿ ಮ್ಯಾಲ ದೊಡ್ಡ ದೊಡ್ಡ ಎರಡು ಮಂಗ್ಯಾ ಬಂದಾವಂತ!’

ಸಲ್ಯೂಟ್ ಹೊಡೆಯುವುದೊಂದು ಬಾಕಿ.

ಅಷ್ಟರಲ್ಲಿ ಅವರ ಹೆಂಡತಿ ಕಾಕು ಚಹಾದ ಬಟ್ಟಲು ಹಿಡಿದು ಬಂದು ಪ್ಯಾರಾಪೆಟ್ಟಿಗೆ ಒರಗಿ ನಿಂತರು. ಸಿಕ್ಕಿಬಿದ್ದವರ ಜೊತೆ ಮಾತಾಡುವ ಸುಖವೇ ಬೇರೆ, ಎದ್ದು ಹೋಗಲಾರರಲ್ಲ. ಪುಂಡಿಪಲ್ಯ, ನೀರಿನ ಟ್ಯಾಂಕರು, ಅವರ ಸೊಸೆ ಎಲ್ಲ ಮುಗಿದ ಮೇಲೆ ಎರಡು ಪ್ಲಾಟು ದಾಟಿ ಕೇಳುವ ದನಿಯಲ್ಲಿ, ‘ಮತ್ತ? ಮದವಿ ಆಗಿ ಎರಡು ವರ್ಸ ಆಗ್ಲಕ ಬಂತು. ಏನರ ವಿಶೇಷ ಅದೋ ಇಲ್ಲೋ?’ ಎಂದರು.

ನಗುತ್ತಿದ್ದ ನಮ್ಮಾಕಿ ನಗುವುದನ್ನು ನಿಲ್ಲಿಸಿದಳು. ‘ಬಿಸಲ ಹತ್ತಲಕತ್ತದ ಕಾಕು, ಒಳಗ ಹೋಗ್ರಿ’ ಎಂದು ಟ್ಯಾಂಕಿನ ಆ ಮಗ್ಗುಲಿಗೆ ಹೋಗಿ ಕೂತಳು. ಆ ಮಗ್ಗುಲಲ್ಲಿ ನೆರಳಿರಲಿಲ್ಲ.

ಕಳೆದ ಶ್ರಾವಣದಲ್ಲಿ ನಾವಿಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಡಾಕ್ಟರಮ್ಮ ಹೇಳಿದ್ದನ್ನು ಕೇಳಿ, ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದವರು. ಮೂರು ತಿಂಗಳ ಸುದ್ದಿ, ಯಾರಿಗೂ ಹೇಳುವ ಮೊದಲೇ ಮುಗಿದಿತ್ತು. ಕಾಕುವಿಗೆ ಅದು ಗೊತ್ತಿಲ್ಲ, ಒಪ್ಪಿದೆ. ಆದರೆ ಗೊತ್ತಿಲ್ಲದ ವಿಷಯವನ್ನೇ ಹೀಗೆ ದಾರಿಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಶರಣಬಸವೇಶ್ವರ ಅಪ್ಪನ ಗುಡಿಯ ಜಾತ್ರೆಯಲ್ಲಿ, ಕಡೆಗೆ ಮಾಳಿಗೆಯಿಂದ ಮಾಳಿಗೆಗೆ ಕೇಳುತ್ತಾರಲ್ಲ, ಏನು ಹೇಳೋಣ ಇವರಿಗೆ? ತೊಗರಿಯ ದರ ಕೇಳಿದ ಹಾಗೆ ಕೇಳುತ್ತಾರೆ. ನನ್ನ ಕಚೇರಿಯಲ್ಲೂ ಇದೇ. ನನ್ನನ್ನು ಕೇಳಿದವರಿಗೆ ನಾನು ಹಲ್ಲು ಕಿರಿಯುತ್ತೇನೆ. ಅವಳಿಗೆ ಹಲ್ಲು ಕಿರಿಯುವ ಸವಲತ್ತೂ ಇಲ್ಲ. ನಾನೂ ಹೋಗಿ ಬಿಸಿಲಿನ ಮಗ್ಗುಲಲ್ಲೇ ಕೂತೆ. ಕೌದಿ ಇಬ್ಬರಿಗೂ ಸಾಲುತ್ತಿತ್ತು.

ಕೆಳಗೆ ಆಟೋ ನಿಂತ ಸದ್ದಾಯಿತು. ಇಣುಕಿದರೆ ಅತ್ತೆ! ಕಮಲಾಪುರದಿಂದ ಮೊದಲ ಬಸ್ಸಿಗೇ ಬಂದಿದ್ದಾರೆ, ಕೈಯಲ್ಲಿ ಅದೇ ಚೀಲ. ನಮ್ಮ ಜಿಲ್ಲೆಯ ಹೆಚ್ಚಿನ ಹೊಲ ಕಪ್ಪು ಎರೆ. ಕಮಲಾಪುರದ ಮಣ್ಣು ಕೆಂಪು, ಬಾಳೆಯೂ ಕೆಂಪು. ದಪ್ಪ ಸಿಪ್ಪೆ, ಒಳಗೆ ಕೆನೆಬಣ್ಣದ ತಿರುಳು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಬಂದ ಹಣ್ಣು. ಉಳಿದ ಬಾಳೆಗಿಂತ ತಡವಾಗಿ, ವರ್ಷ ದಾಟಿದ ಮೇಲೇ ಗೊನೆ ಕೈಗೆ ಬರುವುದು, ದರವೂ ಅದಕ್ಕೆ ತಕ್ಕಂತೆ. ಶ್ರಾವಣದ ಸಂಗತಿ ಗೊತ್ತಿರುವುದು ಅತ್ತೆ ಒಬ್ಬರಿಗೆ. ಅಂದಿನಿಂದ ಆಗಾಗ ಒಂದು ಹಣಿಗೆ ಹಣ್ಣು ತಂದಿಟ್ಟು, ಮಗಳ ತಲೆಗೆ ಎಣ್ಣೆ ಹಚ್ಚಿ, ಸಂಜೆಯ ಬಸ್ಸಿಗೆ ಹೋಗುತ್ತಾರೆ. ಏನನ್ನೂ ಕೇಳುವುದಿಲ್ಲ.

‘ಅವ್ವಾ!’ ಎಂದು ನಮ್ಮಾಕಿ ಕೂಗಿದಳು. ಆಟೋ ಅದೇ ಹೊತ್ತಿಗೆ ಗುರುಗುಟ್ಟಿತು. ಅತ್ತೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಒಳಗೆ ಹೋದರು. ಮನುಷ್ಯರು ಮೇಲೆ ನೋಡುವುದು ದೇವರಿಗೆ ಕೈ ಮುಗಿಯುವಾಗ ಮಾತ್ರ.

ನಾನು ಬಾಗಿಲಿಗೆ ಕಿವಿ ಹಚ್ಚಿದೆ. ಆಯಿಯ ಜೊತೆ ಮಾತಾಡುವವರು ಒದರಲೇಬೇಕಾದ್ದರಿಂದ ಎಲ್ಲವೂ ಕೇಳುತ್ತಿತ್ತು.

‘ಎದ್ದಿಲ್ಲೇನ್ರಿ ಇನ್ನಾ?’

‘ಎಲ್ಲಿ ಏಳ್ತಾವ ತಾಯಿ, ಈಗಿನ ಹುಡುಗ್ರು!’

‘ಮಲ್ಕೊಳ್ಳಿ ಬಿಡ್ರಿ ಪಾಪ. ಎಬ್ಬಸಬ್ಯಾಡ್ರಿ. ನನಗೇನು ಅವಸರಿಲ್ಲ.’

ಅವಸರ ಇಲ್ಲವಂತೆ! ಆಫೀಸಿನ ಗಂಟೆ ಹೊಡೆದಾಗಿತ್ತು. ನೆಲಕ್ಕೆ ಅಂಗಾಲು ಊರಲಾಗದೆ ನಾನು ಒಂದು ಕಾಲ ಮೇಲೆ ಕುಣಿಯುತ್ತಿದ್ದೆ. ಕೆಳಗೆ ಚಹಾ ಕುದಿಯಿತು, ಸಂಡಿಗೆಯ ದುರಂತದ ಪೂರ್ತಿ ಕಥೆ ನಡೆಯಿತು, ಅತ್ತೆ ಲೊಚ್ಚಗುಟ್ಟಿದರು. ‘ಅತ್ತೀ’ ಎಂದು ಒದರಬಹುದಿತ್ತು. ಆದರೆ ಅಳಿಯನಾದವನು, ಅದೂ ಬನಿಯನ್ ಇಲ್ಲದ ಅಳಿಯನು, ಅತ್ತೆಯನ್ನು ಹಾಗೆ ಒದರಿ ಕರೆಯುವುದುಂಟೇ? ಮರ್ಯಾದಸ್ಥನಾಗಿ ಬಾಗಿಲನ್ನಷ್ಟೇ ಗುದ್ದಿದೆ.

‘ಏನ್ರಿ ಅದು ಮ್ಯಾಲ?’

‘ಅವೇ ತಾಯಿ, ಮಂಗ್ಯಾ. ಮುಂಜಾನಿಂದ ಜೀವಾ ತಿಂದಾವ.’

‘ಬಡಗಿ ಕೊಡ್ರಿಲ್ಲೆ. ಬಾಳಿ ತ್ವಾಟದಾಗ ಇವನ್ನ ಓಡಸಿ ಓಡಸಿ ರೂಢಿ ಅದ ನನಗ.’

ನನಗೆ ಆದದ್ದು ಬರೀ ಆನಂದ. ಬಾಗಿಲು ತೆರೆಯುತ್ತದೆ! ಬಡಿಗೆಯ ವಿಚಾರ ತಲೆಗೆ ಹತ್ತಲೇ ಇಲ್ಲ. ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡು, ಹೊಸ್ತಿಲಿಗೆ ಮುಖ ಕೊಟ್ಟು, ಮುಗುಳ್ನಗೆ ತಯಾರು ಮಾಡಿ ನಿಂತೆ. ಮೊದಲ ಚಿಲಕ ಸರಿಯಿತು. ಎರಡನೆಯದು ಸರಿಯಿತು. ಬಾಗಿಲು ಹಾರಿತು. ಬಿಸಿಲಿಗೆ ಕಣ್ಣು ಕೋರೈಸಿದ ಅತ್ತೆಗೆ ಕಂಡದ್ದು ಕೂದಲು ತುಂಬಿದ ಎದೆ, ಜೋತು ಬಿದ್ದ ಕೌದಿ, ಕಿಸಿದ ಹಲ್ಲು. ರೂಢಿ ಎಂದರೆ ರೂಢಿಯೇ. ಏಟು ಎಡ ಭುಜಕ್ಕೆ ಬರೋಬ್ಬರಿ ಬಿತ್ತು. ಎರಡನೆಯದು ಎದ್ದು ಗಾಳಿಯಲ್ಲಿ ನಿಂತಿತು.

‘ಅಯ್ಯ ನನ್ನ ಶಿವನೇ! ಅಳಿಯಂದ್ರು!’

ಬಡಿಗೆ ಬಿಟ್ಟು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಪಕ್ಕಕ್ಕೆ ಸರಿದು ನಿಂತರು. ಅಳಿಯನ ಮುಂದೆ ತಲೆ ಮೇಲೆ ಸೆರಗಿರಬೇಕೆಂಬ ನೇಮ ಅವರದು. ಹಿಂದಿನಿಂದ ಆಯಿ, ‘ಓಡಿ ಹೋದ್ವೇನು ತಾಯಿ?’ ಎಂದು ಕೇಳುತ್ತ ಸಂಡಿಗೆಯ ಮೊರಗಳನ್ನು ಎಣಿಸುತ್ತಿದ್ದಳು.

ಆಫೀಸು ಮುಟ್ಟಿದಾಗ ಸಾಹೇಬರು ತಡದ ಕಾರಣ ಬರೆದುಕೊಡಲು ಹೇಳಿದರು. ಇದ್ದದ್ದು ಇದ್ದ ಹಾಗೆ ಬರೆದೆ. ‘ಹೊಟ್ಟೆನೋವು ಅಂತ ಬರೀರಿ, ನಂಬಾಂಗಾದ್ರೂ ಇರ್ತದ’ ಎಂದು ಹಾಳೆ ವಾಪಸು ಕೊಟ್ಟರು. ಸಂಜೆ ಅತ್ತೆ ಭುಜಕ್ಕೆ ಅರಿಷಿಣ ಕಾಯಿಸಿ ಕಳಿಸಿದರು, ಮಗಳ ಕೈಯಲ್ಲಿ. ಬಾಗಿಲ ಆಚೆ ತಾಯಿ ಮಗಳು ಕಿಸಕಿಸ ನಗುವುದು ಕೇಳುತ್ತಿತ್ತು. ಎಷ್ಟೋ ತಿಂಗಳ ಮೇಲೆ ಅವರಿಬ್ಬರೂ ಹಾಗೆ ನಕ್ಕದ್ದು. ಅದಕ್ಕೆ ನನ್ನ ಇನ್ನೊಂದು ಭುಜವನ್ನೂ ಕೊಡಲು ತಯಾರಿದ್ದೆ.

ಮಾಳಿಗೆಯ ಬಾಗಿಲಿಗೆ ಈಗ ಹೊರಗಿನಿಂದಲೂ ತೆಗೆಯಲು ಬರುವ ಕೀಲಿ ಹಾಕಿಸಿದ್ದೇವೆ, ಒಂದು ಕೀಲಿಕೈ ಹವಾಲ್ದಾರ ಕಾಕಾರ ಹತ್ತಿರ ಇದೆ. ನೀವೂ ಈ ಕಡೆ ಬಂದರೆ ಅವಶ್ಯ ಬನ್ನಿ, ಮೇ ತಿಂಗಳಾದರೆ ಮೇಲೆ ಗಾದಿ ಹಾಸಿ ಕೊಡುತ್ತೇವೆ, ಮುಂಜಾನೆ ಕೆಂಪು ಬಾಳೆಹಣ್ಣೂ ಸಿಗುತ್ತದೆ. ‘ಮತ್ತ, ಏನರ ವಿಶೇಷ?’ ಎಂದು ಮಾತ್ರ ನಮ್ಮಾಕಿಯನ್ನು ಕೇಳಬೇಡಿ. ಕೇಳಿದವರು ಮೇಲೆ ಮಲಗಿದ ರಾತ್ರಿ, ಒಳಗಿನ ಎರಡೂ ಚಿಲಕ ಹಾಕಲು ಆಯಿಗೆ ಹೇಳಿಟ್ಟಿದ್ದೇನೆ.