ಸಜ್ಜನರಾವ್ ಸರ್ಕಲ್ಲಿನಲ್ಲಿ 263 ಕುದುರೆಗಳು

ಐವತ್ತು ಲಕ್ಷದ ಕಾರಿನ ಬಗ್ಗೆ ಖಚಿತವಾದ ಅಭಿಪ್ರಾಯ ಬೇಕಿದ್ದರೆ ಷೋರೂಮಿಗೆ ಹೋಗಬಾರದು, ಬೆಂಗಳೂರಿನ ವಿ.ವಿ. ಪುರದ ತಿಂಡಿ ಬೀದಿಗೆ ಹೋಗಬೇಕು. ಅಲ್ಲಿ ಒಂದು ಕೈಯಲ್ಲಿ ದೋಸೆಯ ಎಲೆ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ನಿಂತವರು ಜರ್ಮನಿಯ ಇಂಜಿನಿಯರುಗಳ ತಪ್ಪುಗಳನ್ನು ಚಟ್ನಿ ಮುಗಿಯುವುದರೊಳಗೆ ತಿದ್ದಿರುತ್ತಾರೆ. ಸ್ಟೇರಿಂಗಿನಲ್ಲಿ ಜೀವವಿಲ್ಲ, ಎಸಿಗೆ ಗುಂಡಿ ಬಿಟ್ಟು ಪರದೆ ಇಟ್ಟದ್ದು ಪಾಪ, ಮ್ಯಾನುವಲ್ ಗೇರು ಕೊಡದ ಮೇಲೆ ಅದೆಂಥ ಜಿಟಿಐ ಗುರು, ಒಳಗೆ ಕೇಳುವ ಗುಡುಗಿನಲ್ಲಿ ಅರ್ಧ ಸ್ಪೀಕರಿನದು. ಹೀಗೆ ತೀರ್ಪು ಕೊಟ್ಟವರು ಕೈ ತೊಳೆದು ಸ್ಕೂಟರ್ ಹತ್ತಿ ಮನೆಗೆ ಹೋಗುತ್ತಾರೆ. ಇದನ್ನು ನೋಡಿ ನಗುವವರಿದ್ದಾರೆ. ಕೊಳ್ಳುವ ಯೋಗ್ಯತೆ ಇಲ್ಲದವರಿಗೆ ಮಾತೇಕೆ ಎಂಬುದು ಅವರ ಆಕ್ಷೇಪ. ನನ್ನ ವಾದ ಇದಕ್ಕೆ ತದ್ವಿರುದ್ಧ: ಕಾರಿನ ವಿಷಯದಲ್ಲಿ ಕೊಳ್ಳದವನ, ಎಂದೆಂದೂ ಕೊಳ್ಳಲಾರದವನ ಅಭಿಪ್ರಾಯವೇ ಹೆಚ್ಚು ನಂಬತಕ್ಕದ್ದು. ನಾನೂ ಅದೇ ಪಂಗಡದವನಾದ್ದರಿಂದ ಈ ವಾದದಲ್ಲಿ ಸ್ವಾರ್ಥವಿದೆ. ಸ್ವಾರ್ಥವಿದ್ದ ಮಾತ್ರಕ್ಕೆ ವಾದ ಸುಳ್ಳಾಗಬೇಕಿಲ್ಲ. ವಕೀಲರೆಲ್ಲ ಬದುಕಿರುವುದು ಇದೇ ನಂಬಿಕೆಯ ಮೇಲೆ.

ಕೊಂಡವನ ಮಾತು ಯಾಕೆ ಸಲ್ಲದು ಎಂಬುದನ್ನು ಮೊದಲು ನೋಡೋಣ. ಏಳು ವರ್ಷದ ಕಂತಿಗೆ ಸಹಿ ಹಾಕಿದವನು ಕಾರು ಅಷ್ಟಕ್ಕಷ್ಟೆ ಎಂದು ಹೇಳುವುದು, ಚಪ್ಪರ ಹಾಕಿ ವಾಲಗ ಊದಿಸಿದ ಮೇಲೆ ಸಂಬಂಧ ಒಪ್ಪಿಗೆಯಿಲ್ಲ ಎಂದಂತೆ. ಹೇಳಲಾರ. ಅವನ ಅಭಿಪ್ರಾಯಕ್ಕೆ ಬ್ಯಾಂಕಿನ ಮೊಹರು ಬಿದ್ದಾಗಿದೆ. ಸರಿ, ಆದರೆ ಓಡಿಸಿಯೇ ನೋಡದವನು ಏನು ಬಲ್ಲ ಎಂದು ನೀವು ಕೇಳಬಹುದು. ಬಸವನಗುಡಿ, ಚಾಮರಾಜಪೇಟೆಯ ಕಡೆಯವರು ಈ ಪ್ರಶ್ನೆ ಕೇಳಬಾರದು. 1939ರಿಂದ ಶ್ರೀರಾಮ ಸೇವಾ ಮಂಡಲಿಯ ರಾಮನವಮಿ ಸಂಗೀತೋತ್ಸವ ನಡೆದುಬಂದಿದೆ. ಅಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕಲ್ಯಾಣಿ ಇವತ್ತು ಯಾಕೋ ನಿಲ್ಲಲಿಲ್ಲ ಎಂದು ತಲೆಯಾಡಿಸಿದ ಎಷ್ಟು ಜನರಿಗೆ ಎರಡು ಕಟ್ಟೆ ಶ್ರುತಿಯಲ್ಲಿ ಸರಿಗಮ ಹೇಳಲು ಬರುತ್ತಿತ್ತು? ಅವರನ್ನು ನಾವು ರಸಿಕರೆಂದು ಕರೆದು ಪಾನಕ ಕೊಟ್ಟಿದ್ದೇವೆ. ಕಾರಿನ ರಸಿಕನಿಗೆ ಮಾತ್ರ ಹಾಡಿ ತೋರಿಸು ಎನ್ನುವುದು ಯಾವ ನ್ಯಾಯ?

ಇನ್ನೂ ಗಟ್ಟಿಯಾದ ಆಕ್ಷೇಪ ಇದೆ. ಕಛೇರಿಯಲ್ಲಿ ಕೂತವನು ಸಂಗೀತವನ್ನು ಕಿವಿಯಾರೆ ಕೇಳಿರುತ್ತಾನೆ. ಕಾರಿನ ವೇಗವನ್ನು ಈತ ಅನುಭವಿಸಿಯೇ ಇಲ್ಲವಲ್ಲ? ಒಪ್ಪಿದೆ. ಆದರೆ ಕೊಂಡವನು ಅನುಭವಿಸಿದ್ದಾನೆಯೇ? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. 2025ರ ಮೇ ತಿಂಗಳಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 53 ಲಕ್ಷ ರೂಪಾಯಿಗೆ ಭಾರತಕ್ಕೆ ಬಂತು. ಬುಕ್ ಮಾಡಬೇಕೆನ್ನುವವರಿಗೆ ಕಂಪನಿ ಮೊದಲು ಪ್ರಶ್ನೆ ಕೇಳಿ ಪರೀಕ್ಷೆ ಮಾಡಿತು. ದುಡ್ಡಿಲ್ಲದ ವಿದ್ವಾಂಸರೆಲ್ಲ ಆ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಬಲ್ಲವರು. ಅಕ್ಟೋಬರಿನಲ್ಲಿ ಅದರ ದಾಯಾದಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬಂತು, ಇಡೀ ದೇಶಕ್ಕೆ ನೂರೇ ಕಾರು. ಎರಡರದ್ದೂ ಎರಡು ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್, ಎರಡಕ್ಕೂ 265 ಅಶ್ವಶಕ್ತಿ. ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಗಾಲ್ಫಿಗೆ 5.9 ಸೆಕೆಂಡು, ಆಕ್ಟೇವಿಯಾಗೆ 6.4. ಈ ಅರ್ಧ ಸೆಕೆಂಡಿಗಾಗಿ ಸ್ನೇಹ ಕಡಿದುಕೊಂಡವರಿದ್ದಾರೆ. ಇರಲಿ. ಟಾಮ್‌ಟಾಮ್ ಸಂಸ್ಥೆಯ ಸಂಚಾರ ಸೂಚ್ಯಂಕದ ಪ್ರಕಾರ 2024ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ ಹಿಡಿದದ್ದು 34 ನಿಮಿಷ 10 ಸೆಕೆಂಡು. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಕೂಡ ಪೂರಾ ಇಲ್ಲ. ಒಂದೂವರೆ ಟನ್ನಿನ ಕಾರನ್ನು ಸಮತಟ್ಟಾದ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಎಳೆದುಕೊಂಡು ಹೋಗಲು, ಟೈರಿನ ಉರುಳು ತಡೆ, ಗಾಳಿಯ ತಡೆ ಎಲ್ಲ ಸೇರಿಸಿದರೂ ಬೇಕಾದ ಶಕ್ತಿ ಸುಮಾರು 1.1 ಕಿಲೋವಾಟ್. ಅಂದರೆ ಒಂದೂವರೆ ಕುದುರೆ. ಅರ್ಧ ಕುದುರೆ ಕಟ್ಟುವುದು ಹಿಂಸೆ ಎನಿಸುವುದರಿಂದ ಎರಡು ಎಂದೇ ಹಿಡಿಯೋಣ. ಎರಡು ಕುದುರೆ ಗಾಡಿ ಎಳೆಯುತ್ತಿವೆ. ಉಳಿದ 263 ಏನು ಮಾಡುತ್ತಿವೆ?

ಕಾರುಪ್ರೇಮಿಗಳು ಎಂದೂ ಕೇಳದ ಪ್ರಶ್ನೆ ಇದು, ಆದ್ದರಿಂದ ಸಾವಕಾಶವಾಗಿ ನೋಡುವುದು ಒಳ್ಳೆಯದು. ಆ ಕುದುರೆಗಳನ್ನು ಬಾನೆಟ್ಟಿನಿಂದ ಇಳಿಸಿ ಸಜ್ಜನರಾವ್ ಸರ್ಕಲ್ಲಿನಲ್ಲಿ ಜೋಡಿ ಜೋಡಿಯಾಗಿ ನಿಲ್ಲಿಸಿ. 132 ಸಾಲಾಯಿತು, ಕೊನೆಯ ಸಾಲಿನದಕ್ಕೆ ಜೊತೆಯಿಲ್ಲ, ಅದು ಸ್ವಲ್ಪ ಮುನಿಸಿಕೊಂಡಿದೆ. ಸಾಲಿಗೆ ಮೂರು ಮೀಟರ್ ಎಂದರೂ ಸುಮಾರು 400 ಮೀಟರ್ ಉದ್ದ. ತಿಂಡಿ ಬೀದಿ ತುಂಬಿ ಹೊರಗೆ ಚೆಲ್ಲುತ್ತದೆ. ಕುದುರೆಯೆಂದ ಮೇಲೆ ಹುರುಳಿ ಬೇಕು. ತಲೆಗೊಂದು ಸೇರು ಎಂದರೂ ದಿನಕ್ಕೆ 263 ಸೇರು. ಆ ವರ್ಷ ಅವರೆಬೇಳೆ ಮೇಳದ ಜಾಗದಲ್ಲಿ ಹುರುಳಿ ಮೇಳ, ಬೀದಿಯುದ್ದಕ್ಕೂ ಹುರುಳಿ ಕಟ್ಟಿನ ಸಾರಿನ ಘಮ. ಸಿಗ್ನಲ್ ಹಸಿರಾಗುತ್ತದೆ. ಎರಡು ಕುದುರೆ ಮುಂದೆ ಹೋಗುತ್ತವೆ, 263 ಹೂವಿನಂಗಡಿಯತ್ತ ಕತ್ತು ಚಾಚುತ್ತವೆ. ಅವು ಜರ್ಮನ್ ತಳಿಯವು, ಶಿಸ್ತಿನವು, ಗಂಟೆಗೆ ಇನ್ನೂರೈವತ್ತು ಓಡಲು ತಾಲೀಮು ಪಡೆದವು. ಒಂದು ಜಟಕಾ ಕುದುರೆಯ ಕೆಲಸಕ್ಕೆ ನೇಮಕವಾಗಿ ಬಂದಿವೆ. ಎಸಿ ಹಾಕಿದರೆ ಇನ್ನು ಮೂರಕ್ಕೆ ಕೆಲಸ ಸಿಗುತ್ತದೆ, ಮಾಲೀಕರಿಗೆ ಗಾಳಿ ಬೀಸುವ ಕೆಲಸ. ಸಿಗ್ನಲ್ ಬಿಟ್ಟಾಗ ಹುರುಪಿನಿಂದ ಐದು ಸೆಕೆಂಡಿನಲ್ಲಿ ಮೂವತ್ತರ ವೇಗ ಮುಟ್ಟಿದಿರಿ ಎನ್ನಿ, ಆ ಐದು ಸೆಕೆಂಡಿನ ಮಟ್ಟಿಗೆ ಹದಿನಾಲ್ಕಕ್ಕೆ ದಿನಗೂಲಿ. ಅಷ್ಟರಲ್ಲಿ ಮುಂದೆ ಆಟೋ ಅಡ್ಡ ಬಂತು, ಎಲ್ಲವೂ ವಾಪಸ್ ಲಾಯಕ್ಕೆ. ಲಾಯದಲ್ಲಿ ಹಿರಿಯದೊಂದು ಕಿರಿಯದಕ್ಕೆ ಆಟೊಬಾನಿನ ಕಥೆ ಹೇಳುತ್ತಿರಬಹುದು. ಅಷ್ಟಕ್ಕೂ ಈ ಅಶ್ವಶಕ್ತಿ ಹುಟ್ಟಿದ್ದೇ ವ್ಯಾಪಾರಕ್ಕೆ. ಜೇಮ್ಸ್ ವಾಟ್ ತನ್ನ ಉಗಿಯಂತ್ರ ಎಷ್ಟು ಕುದುರೆಗೆ ಸಮ ಎಂದು ಗಿರಾಕಿಗಳಿಗೆ ತಿಳಿಹೇಳಲು ಕಟ್ಟಿದ ಲೆಕ್ಕ ಅದು. ಸಾಮಾನ್ಯ ಕುದುರೆ ದಿನವಿಡೀ ಮಾಡಲಾರದಷ್ಟು ಕೆಲಸವನ್ನು ಅದರ ತಲೆಗೆ ಕಟ್ಟಿದ. ನೋಡಿ, ಮೊದಲ ದಿನದಿಂದಲೂ ಕಾಗದದ ಕುದುರೆ ಒಂದು, ರಸ್ತೆಯ ಕುದುರೆ ಇನ್ನೊಂದು. ಕೊಂಡವನ ಬಳಿಯೂ ಇರುವುದು ಕಾಗದದ್ದೇ. ಅದನ್ನು ತಿಂಡಿ ಬೀದಿಯ ರಸಿಕನೂ ಓದಿದ್ದಾನೆ, ಬಡ್ಡಿ ಇಲ್ಲದೆ.

ನೈಸ್ ರಸ್ತೆ ಇದೆಯಲ್ಲ, ಮೈಸೂರು ಹೆದ್ದಾರಿ ಇದೆಯಲ್ಲ ಎನ್ನುವವರಿಗೆ ಒಂದೇ ಮಾತು: ಅಲ್ಲಿಗೆ ತಲುಪುವ ಮೊದಲು ಹಂಪು ದಾಟಬೇಕು. ಇಂಥ ತಗ್ಗು ಕಾರಿನ ಹೊಟ್ಟೆ ನೆಲದಿಂದ 13-14 ಸೆಂಟಿಮೀಟರ್ ಮೇಲಿರುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಮೆಲುವಾದ ಉಬ್ಬು. ಮುಂಗಾಲಿಗೂ ಹಿಂಗಾಲಿಗೂ 2.6 ಮೀಟರ್ ಅಂತರವಿರುವ ಕಾರು ಅದರ ನೆತ್ತಿಯ ಮೇಲೆ ನಿಂತಾಗ ಹೊಟ್ಟೆಯ ಕೆಳಗೆ ಉಬ್ಬು ಏಳುವುದು ಐದೇ ಸೆಂಟಿಮೀಟರ್. ಎಂಟು ಸೆಂಟಿಮೀಟರ್ ಇನ್ನೂ ಮಿಕ್ಕಿರುತ್ತದೆ. ಹೈಸ್ಕೂಲಿನ ರೇಖಾಗಣಿತ ಇದು. ಹಾಗಾದರೆ ತಳ ತಾಗುವುದೇಕೆ? ನಮ್ಮ ಬೀದಿಯ ಹಂಪಿಗೆ ತ್ರಿಜ್ಯವಿಲ್ಲ, ಬರೀ ಕೋಪವಿದೆ. ರಾತ್ರೋರಾತ್ರಿ ಯಾರೋ ಸುರಿದ ಕಾಂಕ್ರೀಟಿನ ದಿಂಡು, ಎರಡು ಅಡಿ ಅಗಲ, ಗೇಣುದ್ದ ಎತ್ತರ. ಕಾಲುಗಳ ನಡುವೆ ಪೂರ್ತಿ ಕೂತುಬಿಡುವ ಅದಕ್ಕೆ ಸಿಕ್ಕಿದ 53 ಲಕ್ಷದ ಕಾರನ್ನು, ಹಿಂದೆ ಕೂತವರನ್ನು ಇಳಿಸಿ, ಓರೆಯಾಗಿ, ಒಬ್ಬರು ಬಗ್ಗಿ ನೋಡಿ ‘ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ’ ಎನ್ನುತ್ತಾ ದಾಟಿಸಬೇಕು. ತೇರಿಗಾದರೆ ಸನ್ನೆಮರ ಹಿಡಿಯುವವರು ಇರುತ್ತಾರೆ.

ಈ ಹಂಪಿನ ಹೊಟ್ಟೆಯಿಂದ ಹುಟ್ಟಿದ ಕೂಸೇ ಕ್ರಾಸೋವರ್. ಕಾರುಪ್ರೇಮಿಗೆ ಇದನ್ನು ಕಂಡರಾಗದು: ಮರಗಾಲು ಕಟ್ಟಿಕೊಂಡ ಹ್ಯಾಚ್‌ಬ್ಯಾಕು, ಗುರುತ್ವಕೇಂದ್ರ ಮೇಲೆ ಹೋಯಿತು, ತಿರುವಿನಲ್ಲಿ ವಾಲುತ್ತದೆ, ಗಾಳಿಯನ್ನು ಹೆಚ್ಚು ತಳ್ಳುತ್ತದೆ ಎಂದು ದೂರು. ಭೌತಶಾಸ್ತ್ರ ಅವನ ಪಕ್ಷದಲ್ಲಿದೆ. ಆದರೆ ಈ ಗಾಡಿಯ ನಕ್ಷೆ ಬರೆದವರು ಯಾರು ಎಂದು ಅವನು ಯೋಚಿಸಿಲ್ಲ. ಸಣ್ಣ ಕಾರೆಂದರೆ ನಾಲ್ಕು ಮೀಟರ್ ಮೀರಬಾರದು ಎಂದು 2006ರ ಬಜೆಟ್ಟು ಗೆರೆ ಎಳೆಯಿತು, ತೆರಿಗೆ ಇಳಿಸಿತು. ಅಂದಿನಿಂದ ಕಾರುಗಳೆಲ್ಲ 3995 ಮಿಲಿಮೀಟರಿಗೆ ಬಾಲ ಮೊಟಕುಮಾಡಿಕೊಂಡು ಬರುತ್ತಿವೆ. 2025ರ ಸೆಪ್ಟೆಂಬರ್ 22ರಿಂದ ಆ ಗೆರೆಯ ಈಚೆ, ಇಂಜಿನ್ನೂ ಸಣ್ಣದಾಗಿದ್ದರೆ, ಜಿಎಸ್‌ಟಿ ಶೇ. 18, ಆಚೆ ಶೇ. 40. ಹೀಗಾಗಿ ಕ್ರಾಸೋವರ್ ಎಂಬುದು ಇಂಜಿನಿಯರು, ತೆರಿಗೆ ಅಧಿಕಾರಿ ಮತ್ತು ಹಂಪು ಕಟ್ಟಿದ ಮೇಸ್ತ್ರಿ, ಮೂವರೂ ಒಟ್ಟಿಗೆ ಕೂತು ಮಾಡಿದ ಗಾಡಿ. ಅದನ್ನು ಬಯ್ಯುವವನು ಮೂವರನ್ನೂ ಬಯ್ಯಬೇಕು. ಇಂಜಿನಿಯರನನ್ನು ಮಾತ್ರ ಬಯ್ಯುತ್ತಾನೆ, ಏಕೆಂದರೆ ಮೇಸ್ತ್ರಿ ಪಕ್ಕದ ಬೀದಿಯವನು. ನಮ್ಮವರ ತೀರ್ಪಿನಲ್ಲಿ ಇಂಥ ಹುಳುಕುಗಳು ಇವೆ, ಮುಚ್ಚಿಡುವುದಿಲ್ಲ. ಮಾರುತಿ 2017ರಲ್ಲಿ ಬಲೆನೊ ಆರ್‌ಎಸ್ ತಂದಿತು: ಒಂದು ಲೀಟರ್, ಮೂರು ಸಿಲಿಂಡರು, ಟರ್ಬೊ, ನೂರರ ಆಸುಪಾಸು ಅಶ್ವಶಕ್ತಿ. ಹೊಗಳಿದವರು ನೂರಾರು, ಕೊಂಡವರು ಕಡಿಮೆ, ಅದು ನಿಂತುಹೋಯಿತು. ಪ್ರೇಮಿಗಳು ಸೂತಕ ಆಚರಿಸಿದರು. 2023ರಲ್ಲಿ ಅದೇ ಬೂಸ್ಟರ್‌ಜೆಟ್ ಇಂಜಿನ್ ಫ್ರಾಂಕ್ಸ್ ಎಂಬ ಕ್ರಾಸೋವರಿನಲ್ಲಿ ಮರುಜನ್ಮ ತಾಳಿ ಬಂದಾಗ, ತೀರಿಕೊಂಡವರು ಎದ್ದು ಬಂದ ಸಂತೋಷ ಯಾರ ಮುಖದಲ್ಲೂ ಕಾಣಲಿಲ್ಲ. ಛೇ, ಕ್ರಾಸೋವರ್! ಬಲೆನೊ ನೆಲದಿಂದ 170 ಮಿಲಿಮೀಟರ್, ಫ್ರಾಂಕ್ಸ್ 190. ಮಧ್ಯೆ ಇರುವುದು ಒಂದು ಹೆಬ್ಬೆರಳಿನ ಅಗಲ. ಹಣೆಯ ಮೇಲೆ ಇಷ್ಟೇ ಅಗಲಕ್ಕೆ ನಮ್ಮ ಹಿರಿಯರು ಮತಭೇದ ಸಾಧಿಸಿಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ತೆರಿಗೆಯ ಮಾತು ಬಂದದ್ದಕ್ಕೆ ಇದೊಂದು: ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿನ ಆಜೀವ ತೆರಿಗೆ ಶೇ. 18, ಮೇಲೆ ಸೆಸ್ಸು. 53 ಲಕ್ಷದ ಕಾರಿಗೆ ಒಂಬತ್ತೂವರೆ ಲಕ್ಷ ದಾಟಿತು. ಆ ದುಡ್ಡಿನಲ್ಲೇ ಒಂದು ಸಣ್ಣ ಕ್ರಾಸೋವರ್ ಬರುತ್ತದೆ. ಹಂಪು ಇರುವ ದಿನಕ್ಕೆ ಅದನ್ನು ಇಟ್ಟುಕೊಳ್ಳಬಹುದು.

ರಸಿಕರ ಪಕ್ಷ ವಹಿಸಿದ್ದೇನೆ ನಿಜ, ಆದರೆ ಆ ಹೆಸರಿಗೆ ಯೋಗ್ಯರಲ್ಲದ ಒಂದು ಗುಂಪು ಜೊತೆಗೆ ನುಸುಳಿಕೊಂಡಿದೆ. ಜೆ.ಸಿ. ರಸ್ತೆಯ ಅಂಗಡಿ ಸಾಲಿನಲ್ಲಿ ಸಿಗದ ಸಾಮಾನಿಲ್ಲ. ಸಾವಿರ ಸಂಸಾರಗಳ ಹಳೇ ಕಾರುಗಳು ಅಲ್ಲಿನ ಬಿಡಿಭಾಗಗಳಿಂದ ಉಸಿರಾಡುತ್ತಿವೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾವುದಾದರೂ ಬಜಾರಿನಲ್ಲಿ ಸೈಲೆನ್ಸರ್ ಕೊಯ್ಯಿಸಿ, ಮಧ್ಯರಾತ್ರಿ ಕೆ.ಆರ್. ರಸ್ತೆಯಲ್ಲಿ ಪಟಾಕಿ ಹೊಡೆಸುತ್ತಾ ಹೋಗುವವರ ಬಗ್ಗೆ ನನಗೆ ಹಾಸ್ಯ ಬರುವುದಿಲ್ಲ. ಆ ರಸ್ತೆಯಲ್ಲಿ ಆಸ್ಪತ್ರೆಯಿದೆ. ಅಲ್ಲಿ ನಿದ್ದೆ ಎಂಬುದು ಗುಳಿಗೆ ಕೊಟ್ಟು ಬರಿಸುವ ವಸ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಬಾರದೆನ್ನುತ್ತದೆ. ಕಲಮು ಪುಸ್ತಕದಲ್ಲಿ ಮಲಗಿದೆ, ರೋಗಿ ಎದ್ದು ಕೂತಿದ್ದಾನೆ. ದೋಸೆ ತಿನ್ನುತ್ತಾ ಬಾಯಲ್ಲೇ ಇಂಜಿನ್ ಸದ್ದು ಮಾಡಿ ತೋರಿಸುವ ನಮ್ಮ ರಸಿಕ ಯಾರ ನಿದ್ದೆಯನ್ನೂ ಕೆಡಿಸಿಲ್ಲ.

ಕೊನೆಗೆ ಉಳಿಯುವ ಆಕ್ಷೇಪ ನನ್ನದೇ, ಅದಕ್ಕೆ ಉತ್ತರ ನನ್ನಲ್ಲಿ ಅರ್ಧ ಮಾತ್ರ ಇದೆ. ವಿ.ವಿ. ಪುರಕ್ಕೆ ಹೆಸರು ಕೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಯುರೋಪು, ಅಮೆರಿಕ ಸುತ್ತಿ, ಕಾರ್ಖಾನೆಗಳನ್ನು ನೋಡಿ, ಯೋಜನೆ ಬರೆದು ತಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಬ್ರಿಟಿಷ್ ಸರ್ಕಾರದ ಒತ್ತಾಸೆ ಸಿಗಲಿಲ್ಲ. ಮುಂದೆ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಾರ್ಖಾನೆ ಎದ್ದದ್ದು ಮುಂಬೈಯಲ್ಲಿ. ವಿಶ್ವೇಶ್ವರಯ್ಯನವರ ಹೆಸರಿನ ಪುರದಲ್ಲಿ ನಾವು ಕಾರಿನ ಬಗ್ಗೆ ಅಭಿಪ್ರಾಯ ತಯಾರಿಸುತ್ತಿದ್ದೇವೆ, ಅದರ ಉತ್ಪಾದನೆಗೆ ಯಾವ ಸರ್ಕಾರದ ಅನುಮತಿಯೂ ಬೇಡ. ಹಾಗೆಂದು ಊರಿನಲ್ಲಿ ಕಾರೇ ಹುಟ್ಟಲಿಲ್ಲ ಎಂದಲ್ಲ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾದ ರೇವಾ ರಸ್ತೆಗೆ ಇಳಿಯಿತು. ಎರಡು ಬಾಗಿಲು, ಬ್ಯಾಟರಿ, ಹೊಗೆಯಿಲ್ಲ, ಸದ್ದಿಲ್ಲ. ಅದರ ಮೋಟಾರಿನ ಗರಿಷ್ಠ ಶಕ್ತಿ 13 ಕಿಲೋವಾಟ್, ಅಂದರೆ ಹತ್ತಿರ ಹತ್ತಿರ 17 ಕುದುರೆ. ಸಿಗ್ನಲ್ ಬಿಟ್ಟಾಗ ಬೇಕಾದದ್ದು ಹದಿನಾಲ್ಕು, ಎಸಿಗೆ ಮೂರು ಎಂದು ಮೇಲೆ ಲೆಕ್ಕ ಹಾಕಿದ್ದು ನೆನಪಿರಬಹುದು. ಒಂದೂ ಕುದುರೆ ನಿರುದ್ಯೋಗಿಯಲ್ಲ. ಈಗ 6.7 ಸೆಕೆಂಡಿನಲ್ಲಿ ನೂರು ಮುಟ್ಟುವ ವಿದ್ಯುತ್ ಎಸ್‌ಯುವಿಯನ್ನು ಮಹೀಂದ್ರ ತಂದರೆ, ಅದು 2010ರಲ್ಲಿ ರೇವಾವನ್ನು ಕೊಂಡುಕೊಂಡ ಕಂಪನಿ ಎಂಬುದನ್ನು ಮರೆತು ನಾವು ಶಿಳ್ಳೆ ಹಾಕುತ್ತೇವೆ. ರೇವಾ ಬಂದಾಗ ಕಾರುಪ್ರೇಮಿಗಳ ಅಭಿಪ್ರಾಯ ಏನಿತ್ತು? ಗೊಂಬೆ ಎಂದೆವು, ಗೋಲಿಸೋಡಾ ಗಾಡಿ ಎಂದೆವು. ಹಂಪಿಗೆ ತಳ ತಾಗುತ್ತದೆಯೇ ಎಂದು ಕೇಳುವಷ್ಟು ಮರ್ಯಾದೆಯನ್ನೂ ಅದಕ್ಕೆ ಕೊಟ್ಟಂತೆ ಕಾಣೆ.